ಕಾಂಗ್ರೆಸ್ ಕಸ ಉರ್ಫ್ ಗಾಜರ ಗವತ: ಗುರುತು, ಮೂಲ, ಹರಡುವಿಕೆ

ಕೊಲ್ಹಾಪುರ: ಕನ್ನಡದಲ್ಲಿ ಕಾಂಗ್ರೆಸ್ ಕಸ, ಮರಾಠಿಯಲ್ಲಿ ಗಾಜರ ಗವತ, ಸಸ್ಯಶಾಸ್ತ್ರದಲ್ಲಿ ಪಾರ್ಥೇನಿಯಂ. ಹೆಸರು ಮೂರು, ಗಿಡ ಒಂದೇ. ಗಡಹಿಂಗ್ಲಜದ ಸೇಂಗಾ ಹೊಲದ ಬದುವಿನಲ್ಲಿ, ಇಚಲಕರಂಜಿಯ ಖಾಲಿ ಪ್ಲಾಟುಗಳಲ್ಲಿ, ಕಾಗಲ–ನಿಪ್ಪಾಣಿ ಹೆದ್ದಾರಿಯ ಎರಡೂ ಬದಿಗೆ, ಶಾಲೆಯ ಮೈದಾನದ ಅಂಚಿಗೆ ಈ ಗಿಡ ಕಾಣದ ಊರಿಲ್ಲ. ಮೊದಲ ಮಳೆ ಬಿದ್ದ ಕೂಡಲೇ ಮೊಳೆಯುತ್ತದೆ, ಒಂದೆರಡು ತಿಂಗಳಲ್ಲಿ ಬಿಳಿ ಹೂವು ಬಿಡುತ್ತದೆ, ಹೂವಿನ ಹಿಂದೆಯೇ ಸಾವಿರಗಟ್ಟಲೆ ಬೀಜ ಉದುರಿಸುತ್ತದೆ.

ಗಿಡವನ್ನು ಎಲ್ಲರೂ ನೋಡಿದ್ದಾರೆ. ಆದರೆ ಹೂವು ಬಿಟ್ಟ ಮೇಲೆ ಗುರುತಿಸುವವರೇ ಹೆಚ್ಚು. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಈ ಕಸದ ಬಲವೆಲ್ಲ ಬೀಜದಲ್ಲಿದೆ. ನೆಲಕ್ಕೆ ಅಂಟಿಕೊಂಡ ಎಳೆಯ ಗಿಡವನ್ನು ಗುರುತಿಸಲು ಬಂದರೆ ಅರ್ಧ ಕೆಲಸ ಮುಗಿದಂತೆ. ಅದಕ್ಕಾಗಿ ಇದರ ಕುಲ, ರೂಪ, ಬಂದ ದಾರಿ ಮತ್ತು ಹತೋಟಿಯ ವಿವರ ಇಲ್ಲಿದೆ.

ಹೆಸರು ಬಂದದ್ದು ಹೇಗೆ?

ಪಾರ್ಥೇನಿಯಂ ಎಂಬುದು ಗ್ರೀಕ್ ಮೂಲದ ಹೆಸರು. ಹಳೆಯ ಗ್ರೀಕರು 'ಪಾರ್ಥೆನಿಯನ್' ಎಂದು ಕರೆಯುತ್ತಿದ್ದುದು ಈ ಕಸವನ್ನಲ್ಲ. ಜ್ವರಕ್ಕೂ ಹೆಂಗಸರ ಕಾಯಿಲೆಗಳಿಗೂ ಬಳಸುತ್ತಿದ್ದ, ಬಿಳಿ ಎಸಳು ಮತ್ತು ಹಳದಿ ನಡುವಿನ ಹೂವಿನ ಗಿಡಮೂಲಿಕೆಯನ್ನು. ಅದು ಕ್ಯಾಮೊಮೈಲ್ ಹೂವಿನ ಹತ್ತಿರದ ನೆಂಟ. ಸ್ವೀಡನ್ನಿನ ಸಸ್ಯವಿಜ್ಞಾನಿ ಕಾರ್ಲ್ ಲಿನೇಯಸ್ 1753ರಲ್ಲಿ ಈ ಹಳೆಯ ಹೆಸರನ್ನು ಅಮೆರಿಕ ಖಂಡದ ಬೇರೊಂದು ಕುಲಕ್ಕೆ ಇಟ್ಟರು. ಇಂಗ್ಲಿಷಿನಲ್ಲಿ ಈ ಕಸಕ್ಕೆ ಇಂದಿಗೂ ಆ ಗಿಡಮೂಲಿಕೆಯ ಹೆಸರೇ ಅಂಟಿಕೊಂಡಿದೆ.

ಹೆಸರು ಒಂದೇ ಎಂದು ಗುಣ ಒಂದೇ ಅಲ್ಲ. ಅಂಗಡಿಯಲ್ಲಿ ಚಹಾ ಪುಡಿಯಂತೆ ಮಾರುವ, ಹಿಂದಿ ಮತ್ತು ಉರ್ದುವಿನಲ್ಲಿ ಬಾಬೂನಾ ಎನ್ನುವ ಕ್ಯಾಮೊಮೈಲ್ ಬೇರೆ, ಹೊಲದ ಕಾಂಗ್ರೆಸ್ ಕಸ ಬೇರೆ. ಈ ಕಸದ ಎಲೆ ಅಥವಾ ಹೂವಿನಿಂದ ಕಷಾಯ ಮಾಡಿ ಕುಡಿಯುವುದು ಅಪಾಯ.

ಗಾಜರ ಗವತ ಎಂಬ ಮರಾಠಿ ಹೆಸರು ಎಲೆಯಿಂದ ಬಂದದ್ದು. ಎಲೆಗಳು ಗಜ್ಜರಿ ಎಲೆಯಂತೆ ಸೀಳಿಕೊಂಡಿರುತ್ತವೆ. ಗವತ ಎಂದರೆ ಹುಲ್ಲು. ಆದರೆ ಇದು ಹುಲ್ಲಿನ ಜಾತಿಯಲ್ಲ. ಸೂರ್ಯಕಾಂತಿ, ಸೇವಂತಿಗೆ, ಚೆಂಡು ಹೂವು, ಕುಸುಬಿ ಇರುವ ಕುಟುಂಬಕ್ಕೇ ಇದೂ ಸೇರಿದೆ. 'ಕಾಂಗ್ರೆಸ್' ಹೆಸರಿಗೆ ಜನ ಎರಡು ಕಾರಣ ಹೇಳುತ್ತಾರೆ. ಹೂವಿನ ರಾಶಿ ಬಿಳಿ ಟೋಪಿಗಳ ಗುಂಪಿನಂತೆ ಕಾಣುತ್ತದೆ ಎಂಬುದು ಒಂದು. ಕಾಂಗ್ರೆಸ್ ಆಳ್ವಿಕೆಯ ಕಾಲದಲ್ಲಿ ಅಮೆರಿಕದ ಗೋಧಿಯ ಜೊತೆ ಬಂತು ಎಂಬುದು ಇನ್ನೊಂದು.

ಕುಲದಲ್ಲಿ ಹದಿನಾರು, ಕಳೆಯಾದದ್ದು ಒಂದು

ಪಾರ್ಥೇನಿಯಂ ಕುಲದಲ್ಲಿ ಸುಮಾರು 16 ಪ್ರಭೇದಗಳಿವೆ. ಎಲ್ಲದರ ತವರೂ ಅಮೆರಿಕ ಖಂಡವೇ. ಕೆಲವು ಮರುಭೂಮಿಯ ಪೊದೆಗಳು, ಕೆಲವು ಬಯಲಿನ ಗಿಡಗಳು. ಒಂದೇ ಕುಲದಲ್ಲಿ ಹುಟ್ಟಿದರೂ ಇವುಗಳ ಬಾಳು ಬೇರೆ ಬೇರೆಯಾಗಿದೆ.

ಪಾರ್ಥೇನಿಯಂ ಅರ್ಜೆಂಟೇಟಂ ಎಂಬುದು ಮೆಕ್ಸಿಕೊ ಮತ್ತು ಟೆಕ್ಸಾಸಿನ ಒಣ ನೆಲದ ಪೊದೆ. ಅಲ್ಲಿ ಇದಕ್ಕೆ ಗ್ವಾಯುಲೆ ಎನ್ನುತ್ತಾರೆ. ಇದರಲ್ಲಿ ರಬ್ಬರ್ ಸಿಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಜಪಾನ್ ಆಗ್ನೇಯ ಏಷ್ಯಾದ ರಬ್ಬರ್ ತೋಟಗಳನ್ನು ಹಿಡಿದಾಗ ಅಮೆರಿಕ 1942ರಲ್ಲಿ ತುರ್ತು ಯೋಜನೆ ಹಾಕಿ ಇದನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿತು. ಪಾರ್ಥೇನಿಯಂ ಇಂಟೆಗ್ರಿಫೋಲಿಯಂ ಅಮೆರಿಕದ ಪೂರ್ವ ಭಾಗದ ಹುಲ್ಲುಗಾವಲಿನ ಬಹುವಾರ್ಷಿಕ ಗಿಡ. ಅದನ್ನು ಅಲ್ಲಿಯವರು ತೋಟದಲ್ಲಿ ಚೆಂದಕ್ಕೆ ನೆಡುತ್ತಾರೆ.

ಜಗತ್ತಿಗೆಲ್ಲ ಪೀಡೆಯಾದದ್ದು ಪಾರ್ಥೇನಿಯಂ ಹಿಸ್ಟೆರೊಫೋರಸ್ ಮಾತ್ರ. ನಮ್ಮ ಕಾಂಗ್ರೆಸ್ ಕಸ ಇದೇ. ಇದರ ಮೂಲ ನೆಲೆ ಮೆಕ್ಸಿಕೊ ಕೊಲ್ಲಿಯ ಸುತ್ತಲಿನ ಪ್ರದೇಶ, ಕೆರಿಬಿಯನ್ ದ್ವೀಪಗಳು ಮತ್ತು ದಕ್ಷಿಣ ಅಮೆರಿಕದ ಕೆಲ ಭಾಗ. ಅಲ್ಲಿ ಇದನ್ನು ತಿನ್ನುವ ಹುಳುಗಳೂ, ಇದಕ್ಕೆ ತಗಲುವ ರೋಗಗಳೂ ಜೊತೆಗೇ ಇವೆ. ಹೊರನಾಡಿಗೆ ಬಂದಾಗ ಗಿಡ ಒಂಟಿಯಾಗಿ ಬಂತು, ವೈರಿಗಳು ಅಲ್ಲಿಯೇ ಉಳಿದವು. ಇಲ್ಲಿ ಇಷ್ಟೊಂದು ಸೊಕ್ಕಿ ಬೆಳೆಯಲು ಇದೊಂದು ದೊಡ್ಡ ಕಾರಣ.

ಗಿಡದ ರೂಪ

ಇದು ಒಂದು ಹಂಗಾಮಿನ ಗಿಡ. ಆಳವಾಗಿ ಇಳಿಯುವ ತಾಯಿಬೇರು ಇದೆ. ಬೆಳವಣಿಗೆಯಲ್ಲಿ ಎರಡು ಹಂತ. ಮೊದಲ ಹಂತದಲ್ಲಿ ಕಾಂಡ ಏಳುವುದಿಲ್ಲ. ಎಲೆಗಳೆಲ್ಲ ಬುಡದಿಂದ ಸುತ್ತ ಹರಡಿ ತಟ್ಟೆಯಂತೆ ನೆಲಕ್ಕೆ ಅಂಟಿಕೊಳ್ಳುತ್ತವೆ. ಈ ಎಲೆಗಳು ದೊಡ್ಡವು, 20 ಸೆಂ.ಮೀ.ವರೆಗೂ ಉದ್ದ ಇರುತ್ತವೆ, ಗಜ್ಜರಿ ಎಲೆಯಂತೆ ಸೀಳಿರುತ್ತವೆ, ಮೈಮೇಲೆ ಸಣ್ಣ ರೋಮ ಇರುತ್ತದೆ. ಈ ತಟ್ಟೆಯ ಕೆಳಗೆ ಬೇರೆ ಹುಲ್ಲಿಗೆ ಬಿಸಿಲು ಸಿಗುವುದಿಲ್ಲ.

ಎರಡನೇ ಹಂತದಲ್ಲಿ ನಡುವಿನಿಂದ ಕಾಂಡ ಏಳುತ್ತದೆ. ಕಾಂಡದ ಮೇಲೆ ಉದ್ದುದ್ದ ಗೆರೆಗಳಿರುತ್ತವೆ. ಮೇಲೆ ಹೋದಂತೆ ಟೊಂಗೆಗಳು ಒಡೆಯುತ್ತವೆ, ಎಲೆ ಸಣ್ಣದಾಗುತ್ತದೆ. ಒಳ್ಳೆಯ ನೆಲ ಮತ್ತು ನೀರು ಸಿಕ್ಕರೆ ಆಳೆತ್ತರಕ್ಕೂ ಬೆಳೆಯುತ್ತದೆ. ಒಣ ನೆಲದಲ್ಲಿ ಗೇಣುದ್ದ ಇರುವಾಗಲೇ ಹೂವು ಬಿಡುತ್ತದೆ. ಮೊಳೆತ ನಾಲ್ಕರಿಂದ ಎಂಟು ವಾರದಲ್ಲಿ ಹೂವು ಶುರುವಾಗುತ್ತದೆ.

ಹೂವಿನ ಗುಟ್ಟು

ಒಂದು ಹೂವು ಎಂದು ನಾವು ಅಂದುಕೊಳ್ಳುವುದು ವಾಸ್ತವವಾಗಿ ಹಲವು ಕಿರುಹೂಗಳ ಒಂದು ಗುಂಪು. ಸೂರ್ಯಕಾಂತಿ ಕುಟುಂಬದ ಎಲ್ಲ ಗಿಡಗಳಲ್ಲೂ ಹೀಗೆಯೇ. ಕಾಂಗ್ರೆಸ್ ಕಸದ ಈ ಗುಂಪು ಬಹಳ ಸಣ್ಣದು, ಅಗಲ 3ರಿಂದ 5 ಮಿ.ಮೀ. ಮಾತ್ರ, ಬಣ್ಣ ಹಾಲಿನ ಕೆನೆಯಂತೆ.

ಗಮನಿಸಿ ನೋಡಿದರೆ ಅಂಚಿನಲ್ಲಿ ಐದು ಮೂಲೆ ಕಾಣುತ್ತವೆ. ಅವು ಐದು ಹೆಣ್ಣು ಕಿರುಹೂಗಳು. ಬೀಜ ಕಟ್ಟುವುದು ಇವು ಮಾತ್ರ. ನಡುವೆ ಇರುವ ಹತ್ತಾರು ಕಿರುಹೂಗಳು ಪರಾಗ ಕೊಡುತ್ತವೆ, ಬೀಜ ಕಟ್ಟುವುದಿಲ್ಲ. ಹೀಗಾಗಿ ಒಂದು ಗುಂಪಿನಲ್ಲಿ ಹೆಚ್ಚೆಂದರೆ ಐದು ಬೀಜ. ಐದೇ ಎಂದು ಸಮಾಧಾನಪಡುವಂತಿಲ್ಲ. ಒಂದು ಗಿಡದಲ್ಲಿ ಇಂಥ ಗುಂಪುಗಳು ಸಾವಿರಾರು. ಸಾಮಾನ್ಯ ಗಿಡ 15ರಿಂದ 25 ಸಾವಿರ ಬೀಜ ಕೊಡುತ್ತದೆ; ಚೆನ್ನಾಗಿ ಬೆಳೆದ ಗಿಡ ಲಕ್ಷವನ್ನೂ ದಾಟಿದ ದಾಖಲೆ ಇದೆ.

ಬೀಜ ಕಪ್ಪು ಬಣ್ಣದ್ದು, ಉದ್ದ ಸುಮಾರು 2 ಮಿ.ಮೀ. ಪ್ರತಿ ಬೀಜದ ಎರಡು ಪಕ್ಕಕ್ಕೆ ಒಣಗಿದ ಎರಡು ಗಂಡು ಕಿರುಹೂಗಳು ಅಂಟಿಕೊಂಡೇ ಉದುರುತ್ತವೆ. ಇವು ಗಾಳಿಚೀಲದಂತೆ ಕೆಲಸ ಮಾಡುತ್ತವೆ. ಬೀಜ ನೀರಿನ ಮೇಲೆ ತೇಲುವುದು ಇವುಗಳಿಂದ. ನದಿದಂಡೆಯ ಊರುಗಳಿಗೆ ಈ ಸಂಗತಿ ಮುಖ್ಯ.

ಬೇರೆ ಬಿಳಿ ಹೂಗಳಿಂದ ಬೇರ್ಪಡಿಸುವುದು

ಹೊಲದಲ್ಲಿ ಇದೇ ಕುಟುಂಬದ ಇನ್ನೂ ಕೆಲವು ಬಿಳಿ ಹೂವಿನ ಗಿಡಗಳಿವೆ. ಕೀಳುವ ಭರದಲ್ಲಿ ಉಪಯೋಗದ ಗಿಡ ಹೋಗಬಾರದು. ಉಪಯೋಗದ್ದು ಎಂದುಕೊಂಡು ಕಾಂಗ್ರೆಸ್ ಕಸವನ್ನು ಮನೆಗೆ ತರಲೂಬಾರದು.

ಗರಗ, ಮರಾಠಿಯಲ್ಲಿ ಮಾಕಾ: ತಲೆಗೆ ಹಚ್ಚುವ ಎಣ್ಣೆಗೆ ಬಳಸುವ ಗಿಡ. ಹೂವು ಬಿಳಿ, ಆದರೆ ಎಲೆ ಸೀಳಿರುವುದಿಲ್ಲ, ಉದ್ದ ಮತ್ತು ಕಿರಿದು. ಕಾಂಡದ ಮೇಲೆ ಎಲೆಗಳು ಎದುರುಬದುರು ಜೋಡಿಯಾಗಿ ಬರುತ್ತವೆ. ಕಾಲುವೆ, ಗದ್ದೆಯ ಬದು ಮುಂತಾದ ಹಸಿ ನೆಲ ಇದರ ಜಾಗ.

ಏಕದಾಂಡಿ: ನೆಲದ ಮೇಲೆ ಹಬ್ಬುವ ಗಿಡ. ಉದ್ದನೆಯ ಬರಿದಾದ ದಂಟಿನ ತುದಿಗೆ ಒಂದೇ ಹೂವು, ನಡುವೆ ಹಳದಿ, ಅಂಚಿಗೆ ಕೆನೆ ಬಣ್ಣದ ಎಸಳು. ಇದೂ ಅಮೆರಿಕದಿಂದ ಬಂದದ್ದೇ. ಇದರ ಎಲೆಗಳೂ ಜೋಡಿಯಾಗಿಯೇ ಬರುತ್ತವೆ.

ಸೇವಂತಿಗೆ: ಎಲೆ ಸ್ವಲ್ಪ ಹೋಲುತ್ತದೆ. ಆದರೆ ಎಲೆ ದಪ್ಪ, ಉಜ್ಜಿದರೆ ಸೇವಂತಿಗೆಯ ವಾಸನೆ ಬರುತ್ತದೆ, ಹೂವು ದೊಡ್ಡದು.

ಕ್ಯಾಮೊಮೈಲ್: ನಮ್ಮ ಹೊಲದಲ್ಲಿ ತಾನಾಗಿ ಬೆಳೆಯುವ ಗಿಡವಲ್ಲ. ನಡುವಿನ ಹಳದಿ ಗುಬ್ಬಿ ಎತ್ತರವಾಗಿ, ಒಳಗೆ ಪೊಳ್ಳಾಗಿರುತ್ತದೆ. ಸುತ್ತ ಹತ್ತಕ್ಕಿಂತ ಹೆಚ್ಚು ಉದ್ದನೆಯ ಬಿಳಿ ಎಸಳು ಇರುತ್ತವೆ.

ಕಾಂಗ್ರೆಸ್ ಕಸದ ಎಲೆಗಳು ಜೋಡಿಯಾಗಿ ಬರುವುದಿಲ್ಲ, ಒಂದಾದ ಮೇಲೊಂದು ಬರುತ್ತವೆ. ಸೀಳಿದ ಎಲೆ, ಒಂದೊಂದಾಗಿ ಜೋಡಣೆ, ಐದು ಮೂಲೆಯ ಪುಟ್ಟ ಕೆನೆಬಿಳಿ ಹೂವು. ಮೂರೂ ಕೂಡಿದರೆ ಅನುಮಾನ ಬೇಡ.

ಭಾರತಕ್ಕೆ ಬಂದ ದಾರಿ

ಭಾರತದಲ್ಲಿ ಕಳೆಯಾಗಿ ಇದರ ಕಥೆ ಶುರುವಾಗುವುದು ಪುಣೆಯಿಂದ. ಅಲ್ಲಿ ಕಂಡ ಗಿಡಗಳನ್ನು ಆಧರಿಸಿ ಸಸ್ಯವಿಜ್ಞಾನಿ ಆರ್. ಶೇಷಗಿರಿ ರಾವ್ 1956ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಇದನ್ನು ಭಾರತಕ್ಕೆ ಹೊಸ ಸಸ್ಯವೆಂದು ವರದಿ ಮಾಡಿದರು. ಪುಣೆಯಿಂದ ಕೊಲ್ಹಾಪುರ ಸುಮಾರು 230 ಕಿ.ಮೀ.

ಪಿಎಲ್-480 ಯೋಜನೆಯ ಗೋಧಿಯ ಜೊತೆ ಬಂತು ಎಂಬ ಮಾತು ಎರಡೂ ಭಾಷೆಯಲ್ಲಿ ಪ್ರಚಲಿತ. ತಾರೀಖು ನೋಡಿದರೆ ಇದು ಅಷ್ಟು ಸರಳವಲ್ಲ. ಅಮೆರಿಕದಲ್ಲಿ ಆ ಕಾಯ್ದೆ ಆದದ್ದು 1954ರಲ್ಲಿ. ಭಾರತ ಅದರ ಮೊದಲ ಒಪ್ಪಂದಕ್ಕೆ ಸಹಿ ಹಾಕಿದ್ದು 1956ರ ಆಗಸ್ಟ್‌ನಲ್ಲಿ. ಪುಣೆಯಲ್ಲಿ ಗಿಡ ಅದಕ್ಕಿಂತ ಮೊದಲೇ ಕಂಡಿತ್ತು. ಆದರೆ ಅಮೆರಿಕದ ಗೋಧಿ 1951ರ ಬೇರೆ ಕಾಯ್ದೆಯಡಿ ಸಾಲವಾಗಿಯೂ ಬಂದಿತ್ತು. ಆಮದು ಧಾನ್ಯದ ಜೊತೆ ಬೀಜ ಬಂದಿರಬಹುದು ಎಂಬ ಮಾತಿಗೆ ಆಧಾರ ಇದೆ, ಪಿಎಲ್-480 ಒಂದೇ ಕಾರಣ ಎನ್ನುವುದಕ್ಕೆ ಇಲ್ಲ.

ಇನ್ನೂ ಹಳೆಯ ದಾಖಲೆಗಳೂ ಇವೆ. ವಿಲಿಯಂ ರಾಕ್ಸ್‌ಬರ್ಗ್ 1814ರಲ್ಲಿ ಪ್ರಕಟಿಸಿದ ಕಲ್ಕತ್ತಾ ಸಸ್ಯೋದ್ಯಾನದ ಪಟ್ಟಿಯಲ್ಲಿ ಈ ಗಿಡದ ಹೆಸರಿದೆ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ 1880ರ ಒಣ ಮಾದರಿಯೊಂದು ಇದೆ. ಗಿಡ ಮೊದಲೇ ದೇಶದಲ್ಲಿ ಅಲ್ಲಲ್ಲಿ ಇದ್ದರೂ ಕಳೆಯಾಗಿ ಹಬ್ಬಿದ್ದು 1950ರ ದಶಕದ ನಂತರವೇ.

ಈಗ ಇದು ದೇಶದ ಬಹುತೇಕ ಎಲ್ಲ ರಾಜ್ಯಗಳಲ್ಲಿದೆ. ಜಬಲಪುರದ ಕಳೆ ಸಂಶೋಧನಾ ನಿರ್ದೇಶನಾಲಯದ ಅಂದಾಜಿನಂತೆ ಸುಮಾರು 3.5 ಕೋಟಿ ಹೆಕ್ಟೇರ್ ನೆಲಕ್ಕೆ ಹಬ್ಬಿದೆ. ನೇಪಾಳ, ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ, ಇಥಿಯೋಪಿಯಾ, ಕೀನ್ಯಾ, ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಎಲ್ಲ ಕಡೆಗೂ ಹೋಗಿದೆ. ಯುರೋಪ್ ಒಕ್ಕೂಟ 2016ರಲ್ಲಿ ಹೊರಗಿಡಬೇಕಾದ ಸಸ್ಯಗಳ ತನ್ನ ಮೊದಲ ಪಟ್ಟಿಯಲ್ಲೇ ಇದನ್ನು ಸೇರಿಸಿತು.

ಗಡಿ ಭಾಗದಲ್ಲಿ ಹೇಗೆ ಹಬ್ಬುತ್ತದೆ?

ಈ ಬೀಜಕ್ಕೆ ಇಲ್ಲಿ ಮೂರು ದಾರಿ: ರಸ್ತೆ, ನೀರು ಮತ್ತು ಮನುಷ್ಯನ ಕೈ.

ಪುಣೆ–ಬೆಂಗಳೂರು ಹೆದ್ದಾರಿ ಕೊಲ್ಹಾಪುರ, ಕಾಗಲ, ನಿಪ್ಪಾಣಿ, ಸಂಕೇಶ್ವರ, ಬೆಳಗಾವಿ ಮೂಲಕ ಹೋಗುತ್ತದೆ. ಸಂಕೇಶ್ವರದಿಂದ ಗಡಹಿಂಗ್ಲಜ, ಆಜರಾ ಮೇಲೆ ಅಂಬೋಲಿ ಘಾಟಿನ ಕಡೆಗೆ ಇನ್ನೊಂದು ರಸ್ತೆ ಇದೆ. ವಾಹನದ ಗಾಲಿಗೆ ಅಂಟಿದ ಕೆಸರಿನಲ್ಲಿ ಈ ಬೀಜ ಸುಲಭವಾಗಿ ಸಾಗುತ್ತದೆ. ಮುರುಮು, ಮರಳು, ಇಟ್ಟಿಗೆ ಮಣ್ಣು ಸಾಗಿಸುವ ಲಾರಿಗಳಿಂದ ಹೊಸ ಕಟ್ಟಡದ ಜಾಗಕ್ಕೂ ಬೀಜ ಬರುತ್ತದೆ. ರಸ್ತೆ ಕೆಲಸ ನಡೆದ ಜಾಗ, ಅಗೆದು ಬಿಟ್ಟ ಜಾಗ, ಮಣ್ಣು ಸುರಿದ ಜಾಗದಲ್ಲಿ ಮೊದಲು ಏಳುವುದು ಇದೇ ಗಿಡ. ಮೇಲಿನ ಹುಲ್ಲು ಕಿತ್ತು ಬರಿದಾದ, ಬಿಸಿಲು ಬೀಳುವ ನೆಲ ಇದಕ್ಕೆ ಇಷ್ಟ. ದಟ್ಟ ನೆರಳಿನ ಕಾಡಿನೊಳಗೆ ಹಾಗೆ ನುಗ್ಗುವುದಿಲ್ಲ. ಕಾಡಿನ ರಸ್ತೆಯ ಅಂಚಿಗೆ ಮಾತ್ರ ಬರುತ್ತದೆ.

ಎರಡನೆಯದು ನೀರು. ಹಿರಣ್ಯಕೇಶಿ ನದಿ ಅಂಬೋಲಿ ಕಡೆಯಿಂದ ಆಜರಾ, ಗಡಹಿಂಗ್ಲಜ ದಾಟಿ ಸಂಕೇಶ್ವರದ ಕಡೆ ಕರ್ನಾಟಕಕ್ಕೆ ಇಳಿಯುತ್ತದೆ. ದೂಧಗಂಗಾ, ವೇದಗಂಗಾ ಕೂಡ ಗಡಿ ದಾಟುತ್ತವೆ. ಪಂಚಗಂಗಾ ಇಚಲಕರಂಜಿ ಮಗ್ಗುಲಿಂದ ಹರಿದು ನರಸೋಬಾವಾಡಿಯಲ್ಲಿ ಕೃಷ್ಣೆಗೆ ಸೇರುತ್ತದೆ. 2005, 2019 ಮತ್ತು 2021ರ ಮಹಾಪೂರದಲ್ಲಿ ಶಿರೋಳ, ಹಾತಕಣಂಗಲೆ ಭಾಗದಲ್ಲಿ ನೀರು ಹೊಲಗಳ ಮೇಲೆ ದಿನಗಟ್ಟಲೆ ನಿಂತದ್ದು ಎಲ್ಲರಿಗೂ ನೆನಪಿದೆ. ತೇಲುವ ಬೀಜಕ್ಕೆ ಇಂಥ ನೀರು ಒಳ್ಳೆಯ ಸವಾರಿ. ಪೂರ ಇಳಿದ ಮೇಲೆ ಹೊಸ ಮೆಕ್ಕಲು ಮಣ್ಣು ಬಿದ್ದ ಜಾಗವನ್ನು ಎರಡು ತಿಂಗಳು ಕಣ್ಣಿಟ್ಟು ನೋಡಬೇಕಾದದ್ದು ಇದಕ್ಕೇ.

ಮೂರನೆಯದು ನಮ್ಮ ಕೈ. ಹೂವು ಬಿಟ್ಟ ಗಿಡ ಕಿತ್ತು ತಿಪ್ಪೆಗೆ ಹಾಕುತ್ತೇವೆ; ಬೀಜ ಸಾಯುವಷ್ಟು ಬಿಸಿಯಾಗದ ಗೊಬ್ಬರದ ಜೊತೆ ಅದೇ ಬೀಜ ಮರಳಿ ಹೊಲಕ್ಕೆ ಬರುತ್ತದೆ. ಹೊರಗಿನಿಂದ ಕೊಂಡ ಮೇವು, ನರ್ಸರಿಯ ಕುಂಡದ ಮಣ್ಣು, ಬೇರೆ ಊರಿನ ಹೊಲದಿಂದ ಬಂದ ಟ್ರ್ಯಾಕ್ಟರಿನ ಕುಂಟೆ, ನೇಗಿಲುಗಳೂ ಬೀಜ ತರುತ್ತವೆ. ಮೇಲ್ಮಣ್ಣಿನಲ್ಲಿರುವ ಬೀಜ ಬೇಗ ಮೊಳೆತು ಮುಗಿಯುತ್ತದೆ. ಆಳಕ್ಕೆ ಹೂತ ಬೀಜ ಹಲವು ವರ್ಷ ಜೀವ ಹಿಡಿದಿರುತ್ತದೆ. ಆದ್ದರಿಂದ ಒಂದು ವರ್ಷ ಕಿತ್ತು ಮರುವರ್ಷ ಬಿಟ್ಟರೆ ಕಿತ್ತ ಕಷ್ಟ ವ್ಯರ್ಥ.

ಮೈಗೆ ತಗಲುವ ರೋಗ

ಗಿಡದ ಎಲೆ, ಹೂವು ಮತ್ತು ಪರಾಗದಲ್ಲಿ ಪಾರ್ಥೆನಿನ್ ಎಂಬ ಕಹಿ ವಿಷವಸ್ತು ಇದೆ. ಎಲೆಯ ಮೇಲಿನ ಸಣ್ಣ ರೋಮಗಳಲ್ಲೂ ಅದು ಇರುತ್ತದೆ. ಇದು ಕೆಲವರ ಮೈಗೆ ಆಗುವುದಿಲ್ಲ. ಮೊದಮೊದಲು ಏನೂ ಆಗದಿರಬಹುದು. ವರ್ಷಾನುಗಟ್ಟಲೆ ತಾಗಿದ ಮೇಲೆ ಒಂದು ದಿನ ತುರಿಕೆ ಶುರುವಾಗುತ್ತದೆ. ಒಮ್ಮೆ ಅಲರ್ಜಿ ಹತ್ತಿದರೆ ಆಮೇಲೆ ಸ್ವಲ್ಪ ತಾಗಿದರೂ ಸಾಕು.

ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಣಕೈಯ ಒಳಮಡಿಕೆ, ಮೊಣಕಾಲಿನ ಹಿಂಭಾಗ ಇವು ಮೊದಲು ಕೆಂಪಾಗುವ ಜಾಗಗಳು. ಚರ್ಮ ದಪ್ಪವಾಗಿ, ಕಪ್ಪಾಗಿ, ಒರಟಾಗುತ್ತದೆ. ಬಿಸಿಲಿಗೆ ಹೋದರೆ ಹೆಚ್ಚಾಗುತ್ತದೆ. ಗಿಡ ಮುಟ್ಟದಿದ್ದರೂ ಗಾಳಿಯಲ್ಲಿ ಹಾರುವ ಒಣ ಚೂರುಗಳಿಂದ ಬರುತ್ತದೆ. ಪರಾಗದಿಂದ ಸೀನು, ಮೂಗು ಸೋರುವುದು, ದಮ್ಮು ಕೂಡ ಬರಬಹುದು. ಈ ಚರ್ಮರೋಗದ ಬಗ್ಗೆ ಲೋಣಕರ, ಮಿಚೆಲ್ ಮತ್ತು ಕಾಲ್ನನ್ ಅವರ ವರದಿ 1974ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು.

ಗಡಿ ಭಾಗದ ಹೊಲಗಳಲ್ಲಿ ಕಳೆ ತೆಗೆಯುವ ಕೆಲಸ, ಮರಾಠಿಯಲ್ಲಿ ಹೇಳುವ ಭಾಂಗಲಣ, ಬಹುಪಾಲು ಹೆಣ್ಣುಮಕ್ಕಳದು. ಕುರುಪಿ ಹಿಡಿದು ಬಾಗಿ ಕೂತು, ಬರಿಗೈಯಲ್ಲಿ, ಮುಖಕ್ಕೆ ಹತ್ತಿರವಾಗಿ ಗಿಡ ಕೀಳುವವರು ಅವರೇ. ಕೂಲಿ ತಪ್ಪುತ್ತದೆ ಎಂದು ತುರಿಕೆಯನ್ನು ಹೇಳದೆ ಇರುವವರೂ ಇದ್ದಾರೆ. ಕೈಗವಸು, ಉದ್ದ ತೋಳಿನ ಅಂಗಿ, ಮೂಗು–ಬಾಯಿಗೆ ಬಟ್ಟೆ ಇಷ್ಟನ್ನು ಹೊಲದ ಮಾಲೀಕರೇ ಕೊಡಬೇಕು. ಕೆಲಸ ಮುಗಿದ ಮೇಲೆ ಕೈಕಾಲು ಮುಖ ಸಾಬೂನು ಹಚ್ಚಿ ತೊಳೆಯಬೇಕು, ಬಟ್ಟೆ ಬದಲಿಸಬೇಕು. ಒಮ್ಮೆ ಅಲರ್ಜಿ ಬಂದವರನ್ನು ಈ ಕೆಲಸಕ್ಕೆ ಕಳಿಸಲೇಬಾರದು.

ಅಂಗಡಿಯಲ್ಲಿ ಕೇಳಿ ತಂದ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚುವುದು ಒಳ್ಳೆಯದಲ್ಲ. ಅಂಥ ಹಲವು ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ವೈದ್ಯರ ಸಲಹೆ ಇಲ್ಲದೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಕೊಲ್ಹಾಪುರದ ಸಿಪಿಆರ್ ಆಸ್ಪತ್ರೆ, ಇಚಲಕರಂಜಿಯ ಐಜಿಎಂ ಆಸ್ಪತ್ರೆ ಅಥವಾ ಗಡಹಿಂಗ್ಲಜದ ಉಪಜಿಲ್ಲಾ ಆಸ್ಪತ್ರೆಗೆ ಹೋಗಿ 'ಗಾಜರ ಗವತ ತಾಗುತ್ತದೆ' ಎಂದು ತಪ್ಪದೆ ಹೇಳಬೇಕು. ಆ ಒಂದು ಮಾತಿನಿಂದ ವೈದ್ಯರಿಗೆ ಅರ್ಧ ದಾರಿ ತಿಳಿಯುತ್ತದೆ.

ದನಕರು ಮತ್ತು ಬೆಳೆ

ಎಮ್ಮೆ, ಆಕಳು ಸಾಮಾನ್ಯವಾಗಿ ಈ ಗಿಡಕ್ಕೆ ಬಾಯಿ ಹಾಕುವುದಿಲ್ಲ. ಮೇವಿನ ಕೊರತೆ ಇದ್ದಾಗ, ಅಥವಾ ಕತ್ತರಿಸಿದ ಹುಲ್ಲಿನಲ್ಲಿ ಬೆರೆತಾಗ ತಿನ್ನುತ್ತವೆ. ಆಗ ಹಾಲು ಕಹಿಯಾಗುತ್ತದೆ. ಬಾಯಿ ಹುಣ್ಣು, ಚರ್ಮದ ಹುಣ್ಣು, ಕೂದಲು ಉದುರುವುದು ಕಾಣಿಸುತ್ತದೆ. ಮೇವಿನಲ್ಲಿ ಶೇ 10ರಿಂದ 50ರಷ್ಟು ಈ ಕಸ ಇದ್ದರೆ ದನ, ಎಮ್ಮೆ ಸಾಯಬಹುದು ಎಂದು 1977ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದೆ.

ಬೆಳೆಗೆ ಆಗುವ ಹಾನಿ ನೀರು–ಗೊಬ್ಬರದ ಪಾಲಿಗಷ್ಟೇ ನಿಲ್ಲುವುದಿಲ್ಲ. ಗಿಡದ ಬೇರು ಮತ್ತು ಕೊಳೆತ ಎಲೆಯಿಂದ ಹೊರಬರುವ ವಸ್ತುಗಳು ಪಕ್ಕದ ಬೀಜ ಮೊಳೆಯದಂತೆ ತಡೆಯುತ್ತವೆ. ಪರಾಗವೂ ಹಾನಿ ಮಾಡುತ್ತದೆ ಎಂಬುದನ್ನು ತೋರಿಸಿದವರು ಕರ್ನಾಟಕದ ಸಂಶೋಧಕರು. ಎಸ್.ಡಿ. ಕಾಂಚನ್ ಮತ್ತು ಜಯಚಂದ್ರ 1980ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಒಂದು ಗಿಡ ಸರಾಸರಿ 62 ಕೋಟಿಗೂ ಹೆಚ್ಚು ಪರಾಗಕಣ ಹೊರಬಿಡುತ್ತದೆ. ಇದು ಟೊಮೆಟೊ, ಬದನೆ, ಮೆಣಸಿನ ಹೂವಿನ ಮೇಲೆ ಬಿದ್ದರೆ ಕಾಯಿ ಕಟ್ಟುವುದು ಕಡಿಮೆಯಾಗುತ್ತದೆ. ಸಂಕೇಶ್ವರಿ ಮೆಣಸಿನಕಾಯಿ ಬೆಳೆಯುವ ಗಡಹಿಂಗ್ಲಜ–ಹುಕ್ಕೇರಿ ಭಾಗದವರು ಬದುವಿನ ಮೇಲಿನ ಕಸವನ್ನೂ ಹೊಲದ ಕಸವೆಂದೇ ಎಣಿಸಬೇಕು.

ಸೇಂಗಾ ಬೆಳೆಗಾರರಿಗೆ ಇನ್ನೊಂದು ಅಪಾಯ ಇದೆ. ಸೇಂಗಾ ಕಾಂಡ ಒಣಗುವ ರೋಗದ ವೈರಸ್ ಈ ಗಿಡದಲ್ಲಿ ಯಾವ ಲಕ್ಷಣವನ್ನೂ ತೋರಿಸದೆ ಉಳಿದಿರುತ್ತದೆ. ಥ್ರಿಪ್ಸ್ ನುಸಿಗಳು ಅದರ ಪರಾಗವನ್ನು ಹೊತ್ತು ಸೇಂಗಾ ಗಿಡಕ್ಕೆ ತಲುಪಿಸುತ್ತವೆ. ಆಂಧ್ರದ ಅನಂತಪುರ ಜಿಲ್ಲೆಯಲ್ಲಿ 2000ದಲ್ಲಿ ಈ ರೋಗ ಸುಮಾರು 2.25 ಲಕ್ಷ ಹೆಕ್ಟೇರ್ ಸೇಂಗಾ ಬೆಳೆಗೆ ತಗಲಿ 300 ಕೋಟಿ ರೂಪಾಯಿಗೂ ಹೆಚ್ಚು ನಷ್ಟವಾಯಿತು.

ಹತೋಟಿ: ಹೂವಿಗಿಂತ ಮೊದಲು

ಮೊದಲ ಉಪಾಯ ಕೈಯಿಂದ ಕೀಳುವುದೇ. ಮಳೆಯಾಗಿ ನೆಲ ಮೆತ್ತಗಿರುವಾಗ, ಎಲೆ ತಟ್ಟೆಯಂತೆ ಇರುವ ಹಂತದಲ್ಲಿ ಬೇರುಸಮೇತ ಕಿತ್ತರೆ ಗಿಡ ಮತ್ತೆ ಏಳುವುದಿಲ್ಲ. ಮೇಲಿನಿಂದ ಕತ್ತರಿಸಿದರೆ ಬುಡದಿಂದ ಇನ್ನೂ ಹೆಚ್ಚು ಟೊಂಗೆ ಒಡೆದು ಬೇಗ ಹೂವು ಬಿಡುತ್ತದೆ. ಜೂನ್ ಕೊನೆಯಿಂದ ಜುಲೈವರೆಗೆ ಒಂದು ಸುತ್ತು, ನೀರಾವರಿ ಹೊಲದಲ್ಲಿ ಚಳಿಗಾಲಕ್ಕೆ ಇನ್ನೊಂದು ಸುತ್ತು ಬೇಕು. ಕಬ್ಬು ಕಡಿದ ನಂತರ ಕುಳೆ, ಅಂದರೆ ಖೋಡವಾ, ಚಿಗುರಿ ನೆಲ ಮುಚ್ಚುವವರೆಗಿನ ದಿನಗಳು ಈ ಕಸಕ್ಕೆ ತೆರೆದ ಬಾಗಿಲು. ಸೋಗೆಯನ್ನು ಸುಡದೆ ಸಾಲಿನಲ್ಲಿ ಹಾಸಿದರೆ ಕಸಕ್ಕೆ ಬಿಸಿಲು ಸಿಗುವುದಿಲ್ಲ.

ಹೂವು ಬಿಡದ ಗಿಡದಿಂದ ಗೊಬ್ಬರ ಮಾಡಬಹುದು. ನೀರು ನಿಲ್ಲದ ಎತ್ತರದ ಜಾಗದಲ್ಲಿ 3 ಅಡಿ ಆಳ, 6 ಅಡಿ ಅಗಲ, 10 ಅಡಿ ಉದ್ದದ ಗುಂಡಿ ತೆಗೆದು, ಒಂದು ಪದರ ಗಿಡ, ಅದರ ಮೇಲೆ ಸಗಣಿ ನೀರು ಮತ್ತು ಮಣ್ಣು, ಹೀಗೆ ತುಂಬಿ ಮೇಲೆ ಮಣ್ಣು–ಸಗಣಿಯಿಂದ ಗುಮ್ಮಟದಂತೆ ಮುಚ್ಚಬೇಕು. ನಾಲ್ಕೈದು ತಿಂಗಳಲ್ಲಿ ಗೊಬ್ಬರ ಸಿದ್ಧ. ಬೀಜ ಕಟ್ಟಿದ ಗಿಡವನ್ನು ತೆರೆದ ತಿಪ್ಪೆಗೆ ಹಾಕಬಾರದು.

ಬೆಳೆ ಇಲ್ಲದ ಜಾಗದಲ್ಲಿ ಪೈಪೋಟಿ ಕೊಡುವ ಗಿಡ ಬೆಳೆಸುವುದು ಇನ್ನೊಂದು ದಾರಿ. ತಗಚೆ, ಮರಾಠಿಯಲ್ಲಿ ಟಾಕಳಾ, ಮಳೆಗಾಲದಲ್ಲಿ ದಟ್ಟವಾಗಿ ಎದ್ದು ಕಾಂಗ್ರೆಸ್ ಕಸಕ್ಕೆ ಜಾಗ ಬಿಡುವುದಿಲ್ಲ. ಎಳೆಯ ಎಲೆ ಪಲ್ಯಕ್ಕೂ ಬರುತ್ತದೆ. ಅದರ ಬೀಜವನ್ನು ಕೂಡಿಟ್ಟು ಮಳೆಗೆ ಮುಂಚೆ ಖಾಲಿ ಜಾಗದಲ್ಲಿ ಚೆಲ್ಲಬಹುದು. ಚೆಂಡು ಹೂವು ಕೂಡ ಇದೇ ಕೆಲಸ ಮಾಡುತ್ತದೆ.

ಕಳೆನಾಶಕ ಕೊನೆಯ ಉಪಾಯ. 2,4-ಡಿ ಎಂಬ ಔಷಧ ಸೋಯಾಬೀನ್, ಸೇಂಗಾ, ತರಕಾರಿಗಳಂಥ ಅಗಲ ಎಲೆಯ ಬೆಳೆಯನ್ನೂ ಸುಡುತ್ತದೆ. ಗಾಳಿಗೆ ಪಕ್ಕದವರ ಹೊಲಕ್ಕೂ ಹೋಗುತ್ತದೆ. ಗ್ಲೈಫೊಸೇಟ್ ತಾಗಿದ ಹಸಿರನ್ನೆಲ್ಲ ಕೊಲ್ಲುತ್ತದೆ, ಕಬ್ಬನ್ನೂ ಬಿಡುವುದಿಲ್ಲ. ಉಪ್ಪಿನ ನೀರು ಹೊಡೆಯುವ ರೂಢಿ ರಸ್ತೆ ಬದಿಗೆ ಸರಿ, ಹೊಲದಲ್ಲಿ ಮಣ್ಣು ಕೆಡುತ್ತದೆ. ಯಾವ ಬೆಳೆಗೆ ಯಾವ ಔಷಧ, ಎಷ್ಟು ಎಂಬುದನ್ನು ತಾಲೂಕಿನ ಕೃಷಿ ಅಧಿಕಾರಿ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿಯೇ ಬಳಸಬೇಕು.

ಕಸ ತಿನ್ನುವ ಹುಳು

ಗಿಡದ ತವರಾದ ಮೆಕ್ಸಿಕೊದಿಂದಲೇ ಅದರ ವೈರಿಯನ್ನು ತಂದದ್ದು ಬೆಂಗಳೂರಿಗೆ. ಜೈಗೊಗ್ರಾಮಾ ಬೈಕೊಲೊರಾಟಾ ಎಂಬ ಈ ದುಂಬಿಯನ್ನು ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಪರೀಕ್ಷಿಸಿ 1984ರಲ್ಲಿ ಹೊರಬಿಟ್ಟಿತು. ಉದ್ದ ಸುಮಾರು 6 ಮಿ.ಮೀ., ಮಾಸಲು ಬಿಳಿ ಬೆನ್ನಿನ ಮೇಲೆ ಕಂದು ಬಣ್ಣದ ಉದ್ದ ಗೆರೆಗಳು. ಮರಿಯೂ ದುಂಬಿಯೂ ಎಲೆ ತಿನ್ನುತ್ತವೆ. ಮಳೆ ಬಿದ್ದ ಮೇಲೆ ಮಣ್ಣಿನಿಂದ ಹೊರಬಂದು ಜೂನ್‌ನಿಂದ ಅಕ್ಟೋಬರ್‌ವರೆಗೆ ಕೆಲಸ ಮಾಡುತ್ತವೆ; ಉಳಿದ ತಿಂಗಳು ಬಹುಪಾಲು ಮಣ್ಣಿನೊಳಗೆ ಮಲಗಿರುತ್ತವೆ.

1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಈ ದುಂಬಿ ಸೂರ್ಯಕಾಂತಿ ಎಲೆ ತಿನ್ನುವುದು ಕಂಡು ರೈತರು ಗಾಬರಿಯಾದರು. ಸೂರ್ಯಕಾಂತಿ ಎಲೆಯ ಮೇಲೆ ಪಾರ್ಥೇನಿಯಂ ಪರಾಗ ಬಿದ್ದಾಗ ಅದರ ರುಚಿಗೆ ಕಚ್ಚುತ್ತವೆ ಎಂದು ಅಧ್ಯಯನದಿಂದ ತಿಳಿಯಿತು. ಸೂರ್ಯಕಾಂತಿಗೆ ಇದು ಪೀಡೆಯಾಗಿ ನೆಲೆಸಲಿಲ್ಲ. ಹೊಲದ ಬದುವಿನ ಕಸದ ಮೇಲೆ ಈ ಗೆರೆದುಂಬಿ ಕಂಡರೆ ಕೊಲ್ಲಬಾರದು, ಅಲ್ಲಿ ಔಷಧ ಹೊಡೆಯಬಾರದು. ಆದರೆ ಇದೊಂದೇ ಸಾಲದು. ಬೇಸಿಗೆ, ಚಳಿಗಾಲದಲ್ಲಿ ಮೊಳೆಯುವ ಗಿಡ ಇದರ ಕೈಗೆ ಸಿಗುವುದಿಲ್ಲ.

ಒಂದು ಹೊಲದ ಕೆಲಸವಲ್ಲ

ಕರ್ನಾಟಕ ಸರ್ಕಾರ 1970ರ ದಶಕದಲ್ಲಿಯೇ ಇದನ್ನು ಕಾಯ್ದೆಯಡಿ ಹಾನಿಕಾರಕ ಕಳೆಯೆಂದು ಸಾರಿತ್ತು. ಆದರೂ ಕಸ ಉಳಿದಿದೆ. ಕಾರಣ, ಒಬ್ಬ ಕಿತ್ತು ಪಕ್ಕದವ ಬಿಟ್ಟರೆ ಬೀಜ ಮತ್ತೆ ಬರುತ್ತದೆ. ಹೊಲ ಒಬ್ಬರದು, ರಸ್ತೆ ಬದಿ ಲೋಕೋಪಯೋಗಿ ಇಲಾಖೆಯದು, ಗಾಯರಾಣ ಗ್ರಾಮ ಪಂಚಾಯತಿಯದು, ಕಾಲುವೆ ನೀರಾವರಿ ಇಲಾಖೆಯದು. ಮೇಲಿಂದ ನದಿಯೂ ಹೆದ್ದಾರಿಯೂ ಎರಡು ರಾಜ್ಯಕ್ಕೆ ಸೇರಿದವು.

ಪ್ರತಿ ವರ್ಷ ಆಗಸ್ಟ್ 16ರಿಂದ 22ರವರೆಗೆ ದೇಶದಲ್ಲಿ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಯುತ್ತದೆ. ಕೃಷಿ ವಿಜ್ಞಾನ ಕೇಂದ್ರಗಳು, ಕೃಷಿ ಕಾಲೇಜುಗಳು ಊರಿಗೆ ಬಂದು ತೋರಿಸಿಕೊಡುತ್ತವೆ. ಆದರೆ ಜೂನ್‌ನಲ್ಲಿ ಮೊಳೆತ ಗಿಡ ಆ ಹೊತ್ತಿಗೆ ಹೂವು ಬಿಟ್ಟಿರುತ್ತದೆ. ಗ್ರಾಮಸಭೆಯಲ್ಲಿ ಗೊತ್ತು ಮಾಡಿಕೊಂಡು, ಮೊದಲ ಮಳೆಯಾದ ಮೂರನೇ ಅಥವಾ ನಾಲ್ಕನೇ ವಾರದಲ್ಲಿ ಒಂದು ದಿನ ಊರೆಲ್ಲ ಸೇರಿ ಬದು, ರಸ್ತೆ, ಶಾಲೆ, ಕಾಲುವೆ ಅಂಚು ಸ್ವಚ್ಛ ಮಾಡಿದರೆ ಸಪ್ತಾಹಕ್ಕೆ ಕೀಳಲು ಹೆಚ್ಚು ಉಳಿದಿರುವುದಿಲ್ಲ. ಗಡಿಯ ಆಚೆ ಈಚೆಯ ಎರಡು ಊರು ಒಂದೇ ವಾರ ಗೊತ್ತು ಮಾಡಿಕೊಂಡರೆ ಇನ್ನೂ ಒಳ್ಳೆಯದು. ಇದನ್ನು ಮೂರು–ನಾಲ್ಕು ವರ್ಷ ಬಿಡದೆ ಮಾಡಿದ ಜಾಗದಲ್ಲಿ ಮಣ್ಣಿನೊಳಗಿನ ಬೀಜದ ಗಂಟು ಕರಗುತ್ತಾ ಬರುತ್ತದೆ.